ಸುಲೋಚನಾ ಸಿಸ್ಟರ್ ಅವರ ನಿಷಾದ

ನಮ್ಮ ಜೇವರ್ಗಿಯಲ್ಲಿ ಯಾರಾದರೂ ಕಾರನ್ನೋ ಟೆಂಪೋವನ್ನೋ ಹಿಂದಕ್ಕೆ ತೆಗೆಯಲು ಹೊರಟರೆ ಸಾಕು, ಅದುವರೆಗೆ ಎಲ್ಲಿದ್ದರೋ ಏನೋ, ನಾಲ್ಕು ಮಂದಿ ಅದರ ಬೆನ್ನಿಗೆ ಬಂದು ನಿಂತುಬಿಡುತ್ತಾರೆ. "ಬರ್ಲಿ, ಬರ್ಲಿ, ಬರ್ಲಿ" ಎಂದು ಒಬ್ಬ ಕೈ ಬೀಸಿದರೆ ಇನ್ನೊಬ್ಬ "ಎಡಕ್ಕ ತಗೋರಿ" ಎನ್ನುತ್ತಾನೆ, ಮೂರನೆಯವನು ಗಾಡಿಯ ಬೆನ್ನಿಗೆ ಎರಡು ಸಲ ಬಡಿದು "ಸಾಕು" ಎಂದು ತೀರ್ಪು ಕೊಡುತ್ತಾನೆ, ನಾಲ್ಕನೆಯವನು ಸುಮ್ಮನೆ ನಿಂತು ಈ ಮೂವರ ಮೇಲ್ವಿಚಾರಣೆ ನಡೆಸುತ್ತಾನೆ. ಚಾಲಕ ಇವರನ್ನು ಕರೆದಿರುವುದಿಲ್ಲ. ಕರೆಯದೆ ಬಂದವರಿಗೆ ಧನ್ಯವಾದ ಹೇಳುವ ಪರಿಪಾಠವೂ ಇಲ್ಲ. ನಾನೂ ಹಲವು ಸಲ ಆ ನಾಲ್ವರಲ್ಲಿ ಒಬ್ಬನಾಗಿದ್ದೇನೆ, ಬಹುಮಟ್ಟಿಗೆ ನಾಲ್ಕನೆಯವನಾಗಿ. ನನಗೆ ಕಾರು ಓಡಿಸಲು ಬರುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಈ ಅಯಾಚಿತ ಸಹಾಯಬುದ್ಧಿ ನಮ್ಮ ಸೀಮೆಯವರ ರಕ್ತದಲ್ಲಿಯೇ ಇದೆ. ಔಷಧಿ ಅಂಗಡಿಯಲ್ಲಿ ಮಾತ್ರೆಯ ಹೆಸರು ನೆನಪಾಗದೆ ಒಬ್ಬಾಕೆ "ಅದೇರಿ, ಗುಲಾಬಿ ಬಣ್ಣದ್ದು" ಎಂದು ತಡವರಿಸಿದರೆ, ಸರದಿಯಲ್ಲಿ ನಿಂತವರೆಲ್ಲ ತಮ್ಮ ತಮ್ಮ ಮಾತ್ರೆಗಳ ಹೆಸರನ್ನು ಧಾರಾಳವಾಗಿ ದಾನ ಮಾಡುತ್ತಾರೆ. ನಾನಂತೂ ಅಫಜಲಪುರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನು. ವಿದ್ಯಾರ್ಥಿಗಳು ಉತ್ತರಕ್ಕೆ ತಡಕಾಡುವಾಗ ಕಾಯುವ ತಾಳ್ಮೆಯಿಲ್ಲದೆ ನಾನೇ ಉತ್ತರ ಹೇಳಿ, ಆ ಉತ್ತರಕ್ಕೆ ನಾನೇ ಶಾಬಾಸ್ ಎಂದು, ತರಗತಿ ಬಹಳ ಚೆನ್ನಾಗಿ ನಡೆಯಿತೆಂದು ಸಂತೋಷಪಟ್ಟುಕೊಂಡು ಮನೆಗೆ ಬರುತ್ತಿದ್ದೆ. ಇದನ್ನು ನಾನು ಅಂತಃಕರಣವೆಂದೇ ತಿಳಿದಿದ್ದೆ. ಈ ಅಂತಃಕರಣದಿಂದಲೇ ನಾನು ಒಬ್ಬ ಹೆಣ್ಣುಮಗಳ ದನಿಯನ್ನು ಒಂದು ವರ್ಷ ಕಿತ್ತುಕೊಂಡೆ ಎಂಬುದನ್ನು ನಿಮಗೆ ಹೇಳಬೇಕಾಗಿದೆ, ಮತ್ತು ಹೇಳುವುದು ಸುಲಭವಾಗುತ್ತಿಲ್ಲ.

ಆಕೆಯ ಹೆಸರು ಸುಲೋಚನಾ. ತಾಲ್ಲೂಕಿನ ಆಸ್ಪತ್ರೆಯಲ್ಲಿ ನರ್ಸು. ಊರಿಗೆಲ್ಲ ಸುಲೋಚನಾ ಸಿಸ್ಟರ್. ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಅವರ ಮನೆ. ನನ್ನ ಹೆಂಡತಿ ಮೆಹರುನ್ನಿಸಾಳ ರಕ್ತದೊತ್ತಡ ನೋಡಲು ಪ್ರತಿ ಶುಕ್ರವಾರ ಸಂಜೆ ಯಂತ್ರ ಹಿಡಿದು ಬರುವವರು, ಬಂದರೆ ಚಹಾ ಕುಡಿಯದೆ ಹೋಗದವರು. ಓಣಿಯ ಕೊನೆಗೆ ಇರುವ ಚರ್ಚಿನಲ್ಲಿ ಇಪ್ಪತ್ತು ವರ್ಷ ಎತ್ತರದ ದನಿಯಲ್ಲಿ ಮುಂದಾಳಾಗಿ ಹಾಡಿದವರು. ಮೂರು ವರ್ಷದ ಹಿಂದೆ ಅವರ ಗಂಟಲಿನ ಗ್ರಂಥಿಯ ಆಪರೇಶನ್ ಆಯಿತು. ಪ್ರಾಣಕ್ಕೇನೂ ಆಗಲಿಲ್ಲ, ಮಾತೂ ಉಳಿಯಿತು, ಆದರೆ ಆ ಎತ್ತರದ ದನಿ ಹೋಯಿತು. ಉಳಿದದ್ದು ಅದರ ಕೆಳಗಿನ, ಸ್ವಲ್ಪ ಒರಟಾದ, ನಡುವಿನ ದನಿ.

ಆ ಚರ್ಚಿನ ಕ್ರಿಸ್ಮಸ್ ಹಾಡುಗಳು ನನಗೆ ಹೊಸವೇನಲ್ಲ. ಮೊದಲೆಲ್ಲ ಢೋಲಕಿನ ಪೆಟ್ಟಿಗೆ ತಾಳ ಸೇರಿ, ಭಜನೆಯ ಧಾಟಿಯಲ್ಲಿ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವವನೂ ದನಿಗೂಡಿಸಬಹುದಾದ ಹಾಡುಗಳು. ಓಣಿಯವರೆಲ್ಲ ಹೋಗುತ್ತಿದ್ದೆವು; ಹಾಡಿ, ಚಪ್ಪಾಳೆ ತಟ್ಟಿ, ಕರಚಿಕಾಯಿ ತಿಂದು ಬರುತ್ತಿದ್ದೆವು. ಎರಡು ವರ್ಷದ ಹಿಂದೆ ಯೇಸುಮಿತ್ರ ಎಂಬ ತರುಣ ಈ ಹಾಡಿನ ತಂಡದ ಹೊಣೆ ಹೊತ್ತ. ಆಳಂದದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಈ ಹುಡುಗ ವಾರದ ಕೊನೆಗೆ ಊರಿಗೆ ಬರುತ್ತಾನೆ. ಬಂದವನು ಢೋಲಕನ್ನು ಬಟ್ಟೆ ಸುತ್ತಿ ಮೂಲೆಗಿಟ್ಟ. ಜೇವರ್ಗಿ, ಆಳಂದ, ಅಫಜಲಪುರ ಮೂರೂ ತಾಲ್ಲೂಕಿನಿಂದ ಹದಿನಾಲ್ಕು ಜನರನ್ನು ಕೂಡಿಸಿ, ಹೆಂಗಸರದು ಎರಡು, ಗಂಡಸರದು ಎರಡು, ಹೀಗೆ ನಾಲ್ಕು ದನಿಗಳಾಗಿ ವಿಂಗಡಿಸಿ, ನಾಲ್ಕಕ್ಕೂ ನಾಲ್ಕು ಬೇರೆ ಬೇರೆ ಧಾಟಿ ಕೊಟ್ಟು, ಏಕಕಾಲಕ್ಕೆ ಹಾಡಿಸತೊಡಗಿದ. ಕೈ ಅಲ್ಲಾಡಿಸುವಂತಿಲ್ಲ, ವಾದ್ಯವಿಲ್ಲ, ವೇಗವಿಲ್ಲ. ಈಗಿನ ಕಾಲದ ಕ್ರಿಸ್ಮಸ್ ಗಾಯನ ದೇಶದೇಶಗಳಲ್ಲಿ ಹೀಗೇ ಇದೆಯಂತೆ. ಹಾಡನ್ನೂ ಅವನೇ ಕಟ್ಟಿದ್ದ: ಹಡೆದ ರಾತ್ರಿ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಜೋಗುಳ.

ಇನ್ನು ನನ್ನ ಕಿವಿಯ ವಿಚಾರ. ನಾನು ಹುಟ್ಟಿದ್ದು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ. ಅಲ್ಲಿ ಮೊಹರಮ್ಮಿಗೆ ರಿವಾಯತ್ ಪದ ಹಾಡುವ ಮೇಳದಲ್ಲಿ ನಾನು ಹರೆಯದ ಹತ್ತು ವರ್ಷ ಹಿಮ್ಮೇಳದವನಾಗಿ ನಿಂತಿದ್ದೆ. ರಿವಾಯತ್ ಎಂದರೆ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ, ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ಕೂಡಿ ಹಾಡುವ ಪದ. ಹಿಮ್ಮೇಳದವನಿಗೆ ಅಲ್ಲಿ ಒಂದೇ ಧರ್ಮ. ಮುಂದೆ ನಿಂತು ಹಾಡುವವನ ದನಿ ಬಿದ್ದರೆ, ಬಿದ್ದದ್ದು ಕೇಳುವವರ ಕಿವಿಗೆ ಹೋಗುವ ಮೊದಲೇ, ನಾವು ಸರಿಯಾದ ಸ್ವರವನ್ನು ಗಟ್ಟಿಯಾಗಿ ಹಿಡಿದು ಅವನನ್ನು ಎತ್ತಿಕೊಂಡುಬಿಡಬೇಕು. ಇದಕ್ಕೆ ನಾವು ದನಿ ಎತ್ತುವುದು ಎನ್ನುತ್ತಿದ್ದೆವು. ಎತ್ತದೆ ಸುಮ್ಮನಿದ್ದವನು ಮಾರನೆಯ ದಿನ ಊರಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ. ನಮ್ಮ ಕಡೆಯ ಭಜನೆಯಲ್ಲಿಯೂ ಇದೇ ನಡೆ. ಹೀಗಾಗಿ ಸುತ್ತಮುತ್ತ ಯಾರ ಸ್ವರ ಸ್ವಲ್ಪ ಜಾರಿದರೂ ನನ್ನ ಗಂಟಲು ನನ್ನನ್ನು ಕೇಳದೆ ಕೆಲಸಕ್ಕೆ ಇಳಿದುಬಿಡುತ್ತದೆ, ಮತ್ತು ಆ ಗಂಟಲಿನ ಬಗ್ಗೆ ನನಗೆ ಬಹಳ ಅಭಿಮಾನವಿತ್ತು.

ಹಿಂದಿನ ವರ್ಷದ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿನ ಮುಂಚಿನ ಐತವಾರ ಮಧ್ಯಾಹ್ನ, ಯೇಸುಮಿತ್ರ ಆ ಜೋಗುಳವನ್ನು ಮೊದಲ ಸಲ ಹಾಡಿಸಿದ. ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ನೆಲೋಗಿಯ ಶರಣಪ್ಪ. ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು, ಭಜನೆಯಲ್ಲಿ ತಾಳ ಹಿಡಿಯುವವನು, ಮೂರು ನಿಲ್ದಾಣದಾಚೆಗೂ ಕೇಳಿಸುವ ಕಂಠದವನು. ಹಾಡು ಮೆಲ್ಲಗೆ ಏರುತ್ತ ಹೋಗಿ ಒಂದು ಎಡೆಯಲ್ಲಿ ನಿಂತಿತು. ಎಲ್ಲರೂ 'ಜೋ' ಎಂಬ ಒಂದೇ ಅಕ್ಷರವನ್ನು ಹಿಡಿದು ನಿಂತಿದ್ದಾರೆ. ಮೇಲಿನ ದನಿಯವರು ಷಡ್ಜದಲ್ಲಿದ್ದಾರೆ. ಹೆಂಗಸರ ಎರಡನೆಯ ದನಿಗಿದ್ದ ಸುಲೋಚನಾ ಒಬ್ಬರೇ ಅದಕ್ಕೆ ಅರ್ಧ ಮೆಟ್ಟಿಲು ಕೆಳಗೆ, ನಿಷಾದದಲ್ಲಿ ಉಳಿದುಬಿಟ್ಟಿದ್ದಾರೆ. ಸಂಗೀತ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಸರಿಗಮಪದನಿ ಎಂದು ಏರಿಕೊಂಡು ಹೋಗಿ 'ನಿ'ಯಲ್ಲಿ ನಿಂತುಬಿಡಿ. ಪಕ್ಕದಲ್ಲಿರುವವರ ಗಂಟಲೇ ಮುಂದಿನ 'ಸ' ಹೇಳಿಬಿಡುತ್ತದೆ. ಹಾಗಿರುವಾಗ 'ಸ'ವನ್ನು ಉಳಿದವರು ಹಿಡಿದು ನಿಂತಿರುವಾಗಲೇ ಒಬ್ಬಾಕೆ ಅದರ ಪಕ್ಕೆಗೆ ಒತ್ತಿಕೊಂಡು 'ನಿ' ಎನ್ನುತ್ತಿದ್ದರೆ ಹೇಗಿರಬೇಕು. ಎರಡು ಸ್ವರಗಳು ಒಂದಕ್ಕೊಂದು ಉಜ್ಜಿಕೊಂಡು ನನ್ನ ಹಲ್ಲಿನ ಬೇರಿನಲ್ಲಿ ಜುಮ್ಮೆಂದಿತು.

ಪಾಪ, ಆಪರೇಶನ್ ಆದ ಗಂಟಲು, ಮೇಲೆ ಹೋಗಲಾರದು ಎಂದುಕೊಂಡೆ. ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಮರುಕ್ಷಣ ನಾನು ಷಡ್ಜವನ್ನು ಗಟ್ಟಿಯಾಗಿ ಹಿಡಿದು ದನಿ ಎತ್ತಿದೆ. ಶರಣಪ್ಪ ಒಂದು ಉಸಿರು ತಡವಿಲ್ಲದೆ ಸೇರಿಕೊಂಡ. ಅವನ ಹಿಂದಿನ ಸಾಲು, ಅದರ ಹಿಂದಿನ ಸಾಲು, ಕಿಟಕಿಯ ಹತ್ತಿರ ನಿಂತವರು, ಹೀಗೆ ಮೂವತ್ತು ನಲವತ್ತು ಕಂಠಗಳು ಆಕೆಯನ್ನು ಎರಡೂ ತೋಳು ಹಿಡಿದು ಮೇಲೆತ್ತಿದವು. ಸುಲೋಚನಾ ಬೆದರಿದವರಂತೆ ನಮ್ಮ ಕಡೆ ನೋಡಿ, ನಿಷಾದ ಬಿಟ್ಟು ಷಡ್ಜಕ್ಕೆ ಬಂದರು. ಅದೇ ಹೊತ್ತಿಗೆ ಹಾಡಿನ ಉಳಿದ ಮೂರು ದನಿಗಳು ಷಡ್ಜದಿಂದ ಬೇರೆಲ್ಲಿಗೋ ಹೊರಟುಹೋದವು. ಆಮೇಲೆ ಯಾರು ಎಲ್ಲಿದ್ದಾರೆ ಎಂಬುದೇ ಯಾರಿಗೂ ತಿಳಿಯಲಿಲ್ಲ. ಯೇಸುಮಿತ್ರ ಎತ್ತಿದ್ದ ಕೈಯನ್ನು ಇಳಿಸಿದ. ಹಾಡು ನಡುವೆಯೇ ನಿಂತಿತು. ಪಾಸ್ಟರ್ ಎದ್ದು ಪ್ರಾರ್ಥನೆ ಶುರುಮಾಡಿ ಎಲ್ಲರ ಮಾನ ಮುಚ್ಚಿದರು.

ಆ ಮೇಲೆ ಅಂಗಳದಲ್ಲಿ ಚಹಾ. ಪ್ರತಿಯೊಬ್ಬರೂ ಸುಲೋಚನಾ ಅವರ ಹತ್ತಿರ ಹೋಗಿ, ಆಪರೇಶನ್ ಆದ ಮೇಲೆ ಇಷ್ಟಾದರೂ ಹಾಡಿದ್ದು ದೊಡ್ಡದು ಎಂದು ಸಮಾಧಾನ ಹೇಳಿದರು. ನಾನು ಹಿರಿಯ, ತಲೆಯ ಮೇಲೆ ಕೈ ಇಟ್ಟು, "ಚಿಂತಿ ಮಾಡಬ್ಯಾಡವ್ವಾ, ನಾವೆಲ್ಲಾ ಇದ್ದೇವಿ" ಎಂದೆ. ಮನೆಗೆ ಬಂದು ಹೆಂಡತಿಗೆ, ನಾನು ಎತ್ತದಿದ್ದರೆ ಇವತ್ತು ಬಹಳ ಅವಮಾನವಾಗುತ್ತಿತ್ತು ಎಂದು ವರದಿ ಒಪ್ಪಿಸಿದೆ. ಆ ವಾರವೇ ಸುಲೋಚನಾ ಹಾಡಿನ ಕಾಗದಗಳ ಫೈಲನ್ನು ಯೇಸುಮಿತ್ರನಿಗೆ ಹಿಂತಿರುಗಿಸಿ, ತನ್ನಿಂದ ಇನ್ನು ಆಗದು ಎಂದರಂತೆ. ನನಗೆ ಅಯ್ಯೋ ಎನಿಸಿತು. ಅಷ್ಟೇ ಎನಿಸಿತು.

ಆರು ತಿಂಗಳ ನಂತರ ಕಿಣ್ಣಿ ಸುಲ್ತಾನದಲ್ಲಿ ತಮ್ಮನ ಮಗಳ ಮದುವೆ ಮುಗಿಸಿಕೊಂಡು ಆಳಂದದಲ್ಲಿ ಬಸ್ಸು ಹತ್ತಿದರೆ, ಕಿಟಕಿಯ ಪಕ್ಕದಲ್ಲಿ ಯೇಸುಮಿತ್ರ ಕುಳಿತಿದ್ದ. ಬಿರಿಯಾನಿಯ ಭಾರ, ಪಕ್ಕದಲ್ಲಿ ಕೇಳುವವನಿದ್ದಾನೆಂಬ ಉತ್ಸಾಹ, ಎರಡೂ ಸೇರಿ ನಾನು ಸುಲೋಚನಾ ಅವರ ದನಿಯ ಬಗ್ಗೆ ಸಂತಾಪಸೂಚಕವಾಗಿ ಮಾತಾಡತೊಡಗಿದೆ. ಅವನು ಸ್ವಲ್ಪ ಹೊತ್ತು ಕೇಳಿ, ತನ್ನ ಮೊಬೈಲಿನ ಇಯರ್‌ಫೋನನ್ನು ನನ್ನ ಕಿವಿಗೆ ಸಿಕ್ಕಿಸಿದ. ಅದೇ ಜೋಗುಳ, ನಾಲ್ಕೂ ದನಿಗಳನ್ನು ಅವನೇ ಹಾಡಿ ಒಂದರ ಮೇಲೊಂದು ಕೂಡಿಸಿದ್ದು. ಆ 'ಜೋ' ಬಂದಾಗ ನಾನು ವಿಜಯಿಯಂತೆ ಬೆರಳೆತ್ತಿ, "ನೋಡು, ನಿಂದೂ ಇಲ್ಲೇ ತಪ್ಪಾಕತ್ತದ" ಎಂದೆ.

"ತಪ್ಪಲ್ರಿ ಸರ್. ಹಂಗೇ ಬರ್ದೇನಿ ನಾನು" ಎಂದ ಅವನು. "ಸಿಸ್ಟರ್ ಅವತ್ತು ಕರೆಕ್ಟ್ ಇದ್ರು. ಒಂದ್ ಕೂದಲಷ್ಟೂ ಅಲ್ಲಾಡಿರಲಿಲ್ಲ. ನೀವು ಎತ್ತಿದ್ರಿ ನೋಡ್ರಿ, ಆಗ ಬಿದ್ರು."

ಬಸ್ಸು ಎಲ್ಲಿ ನಿಂತಿತು, ಯಾರು ಇಳಿದರು, ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹಾಕು ಎಂದೆ. ಆ ದಾರಿಯಲ್ಲಿ ಎಷ್ಟು ಸಲ ಕೇಳಿದೆನೋ. ಮೊದಲ ಸಲ ಹಲ್ಲು ಜುಮ್ಮೆಂದದ್ದು ಎರಡನೆಯ ಸಲವೂ ಜುಮ್ಮೆಂದಿತು. ಮೂರನೆಯ ಸಲ ಹಲ್ಲು ಕಚ್ಚಿ ಮುಂದಕ್ಕೆ ಕೇಳಿದೆ. ಆಗ ತಿಳಿಯಿತು. ಆ ನಿಷಾದ ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲಿಯೇ ಇರುತ್ತದೆ. ಸುತ್ತಲಿನ ಮೂರು ದನಿಗಳು ಒಂದೊಂದಾಗಿ ತಮ್ಮ ಜಾಗ ಬಿಟ್ಟು ಸರಿಯುತ್ತವೆ. ಮೇಲಿನದು ಇನ್ನೂ ಮೇಲೆ ಹೋಗುತ್ತದೆ, ತಳದ ದನಿ ಪಂಚಮಕ್ಕೆ ಬಂದು ನೆಲ ಹಾಕುತ್ತದೆ. ಯಾವ ಸ್ವರ ಒಂದು ಗಳಿಗೆಯ ಹಿಂದೆ ಮನೆ ತಪ್ಪಿದಂತಿತ್ತೋ ಅದು ತಾನು ಒಂದಿಷ್ಟೂ ಕದಲದೆಯೇ ಮನೆಯ ನಟ್ಟನಡುವೆ ಕುಳಿತಿರುತ್ತದೆ. ನಾನು ಅರವತ್ತಾರು ವರ್ಷ ಕೇಳಿದ ಹಾಡುಗಳಲ್ಲೆಲ್ಲ ತಪ್ಪಿದವನು ತಾನೇ ಸರಿಯಾದ ಜಾಗಕ್ಕೆ ಬರಬೇಕಿತ್ತು. ಇಲ್ಲಿ ಉಳಿದವರು ಎದ್ದು ಅವನಿದ್ದಲ್ಲಿಗೆ ಬರುತ್ತಿದ್ದರು. ಕಲಬುರಗಿ ಬಂದಾಗ ನನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಹೋಗಿ ಹೇಳಬೇಕಾದ್ದು ಸ್ಪಷ್ಟವಾಗಿತ್ತು. ಹೇಳಲಿಲ್ಲ. ತಪ್ಪೊಪ್ಪಿಕೊಳ್ಳುವ ಬಗ್ಗೆ ಕಾಲೇಜಿನಲ್ಲಿ ನಾನು ಎಷ್ಟು ರಮ್ಯವಾಗಿ ಉಪನ್ಯಾಸ ಕೊಟ್ಟಿದ್ದೇನೆಂದರೆ, ಆಚರಣೆಗೆ ಸತ್ವವೇ ಉಳಿದಿರಲಿಲ್ಲ. ಶುಕ್ರವಾರ ಸಂಜೆ ಸುಲೋಚನಾ ರಕ್ತದೊತ್ತಡದ ಯಂತ್ರ ಹಿಡಿದು ಬರುವ ಹೊತ್ತಿಗೆ ಸರಿಯಾಗಿ ನಾನು ಟೋಪಿ ಹಾಕಿಕೊಂಡು ಮಸೀದಿಗೆ ಹೊರಟುಬಿಡುತ್ತಿದ್ದೆ. ನಮಾಜಿಗೆ ಇನ್ನೂ ಮುಕ್ಕಾಲು ಗಂಟೆ ಇರುತ್ತಿತ್ತು. ನನ್ನ ಧರ್ಮಶ್ರದ್ಧೆ ಹೀಗೆ ವಾರಕ್ಕೊಮ್ಮೆ, ಅದೂ ನಿಗದಿತ ಸಮಯಕ್ಕೆ, ಉಕ್ಕುವುದನ್ನು ನಾಲ್ಕು ತಿಂಗಳು ಗಮನಿಸಿದ ಮೆಹರುನ್ನಿಸಾ ಒಂದು ದಿನ ಬಾಗಿಲಿಗೆ ಅಡ್ಡ ನಿಂತು ಸಂಗತಿ ಕೇಳಿದಳು. ಹೇಳಿದೆ. "ಪೈಲೆ ಜಾಕೆ ಬೋಲ್ಕೆ ಆವ್" ಎಂದಳು. ಮೊದಲು ಹೋಗಿ ಹೇಳಿ ಬಾ, ಆಮೇಲೆ ನಮಾಜು.

ಸುಲೋಚನಾ ಜಗುಲಿಯಲ್ಲಿ ಕುಳಿತು ಮೆಂತೆಪಲ್ಯ ಸೋಸುತ್ತಿದ್ದರು. ನಾನು ನಿಂತೇ ಹೇಳಿದೆ. ನೀವು ಸರಿ ಇದ್ದಿರಿ, ನಾನು ತಿಳಿಯದೆ ಎತ್ತಿದೆ, ಇಷ್ಟು ತಿಂಗಳಿಂದ ತಿಳಿದೂ ಸುಮ್ಮನಿದ್ದೆ. ಅವರು ಸೋಸುವುದನ್ನು ನಿಲ್ಲಿಸಲಿಲ್ಲ. ಎಲೆಗಳೊಂದು ಕಡೆ, ಕಡ್ಡಿಗಳೊಂದು ಕಡೆ ಬೀಳುತ್ತಲೇ ಇದ್ದವು. ಕೊನೆಗೆ ಅವರು ಆಡಿದ ಮಾತು ಇಷ್ಟು:

"ಆಪರೇಶನ್ ಮಾಡಿದ ಡಾಕ್ಟರ್ ದನಿ ಅದ ಅಂದ್ರು. ಯೇಸುಮಿತ್ರ ಸಿಸ್ಟರ್ ನಿಮ್ದು ಕರೆಕ್ಟ್ ಇತ್ತು ಅಂದ. ನನ್ನ ಸಮಾಧಾನಕ್ಕ ಹೇಳಾಕತ್ತಾನ ಅಂತ ತಿಳ್ಕೊಂಡೆ. ಅವರ್ಯಾರನ್ನೂ ನಂಬಲಿಲ್ರಿ ಸರ್ ನಾ. ನಿಮ್ಮ ಕಿವಿ ನಂಬಿದೆ. ಒಂದು ವರ್ಷ ಆಗಾಕ ಬಂತು, ಅಡಗಿ ಮನ್ಯಾಗ ಸುದ್ದಾ ಬಾಯಿ ತೆರದಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಈ ವರ್ಷ ಹಾಡಿರಿ ಎಂದು ಬೇಡಿಕೊಂಡೆ. ಮೆಹರುನ್ನಿಸಾ ಬಂದು ಬೇಡಿಕೊಂಡಳು. ಯೇಸುಮಿತ್ರ ಮೂರು ಐತವಾರ ಬಂದು ಕುಳಿತ. ಕೊನೆಗೆ ಸುಲೋಚನಾ ಒಪ್ಪಿದರು, ಷರತ್ತಿನ ಮೇಲೆ. ಷರತ್ತು ಯೇಸುಮಿತ್ರನಿಗಲ್ಲ, ನನಗೆ.

"ನೀವು ಮುಂದಿನ ಸಾಲಿನ್ಯಾಗ ಕೂಡಬೇಕು. ನಿಮ್ಮ ಬಾಯಿ ನನಗ ಕಾಣಬೇಕು. ನಾ ಸರಿ ಇರಲಿ, ತಪ್ಪಿರಲಿ, ಖರೇನ ಬೀಳಲಿ, ನೀವು ಎತ್ತಂಗಿಲ್ಲ. ಮಾತು ಕೊಡ್ರಿ. ಈ ಸಲ ಆಗಲಿಲ್ಲಂದ್ರ ಮತ್ತ ಜಲ್ಮದಾಗ ಹಾಡಂಗಿಲ್ಲ ನಾ."

ಮಾತು ಕೊಟ್ಟೆ. ಕೊಡುವಾಗ ನನ್ನೊಬ್ಬನ ಬಾಯಿ ಮುಚ್ಚಿದರೆ ಸಾಲದು ಎಂಬುದು ಹೊಳೆದಿರಲಿಲ್ಲ. ಹಿಂದಿನ ವರ್ಷ ನಲವತ್ತು ಬಾಯಿಗಳಿದ್ದವು. ಡಿಸೆಂಬರಿನ ಮೊದಲ ವಾರದಿಂದ ನಾನು ಓಣಿಯ ಮನೆಮನೆಗೆ ಹೋಗಿ ಪ್ರಚಾರ ಶುರುಮಾಡಿದೆ. ನಿಮಗೆ ತಪ್ಪೆನಿಸಿದರೂ ಸುಮ್ಮನಿರಿ, ಹಾಡು ಮುಗಿಯುವವರೆಗೆ ಉಸಿರು ಬಿಡಬೇಡಿ ಎಂದು ಹೇಳುತ್ತ ತಿರುಗುವ ನಿವೃತ್ತ ಉಪನ್ಯಾಸಕನನ್ನು ಜನ ಯಾವ ಕಣ್ಣಿನಿಂದ ನೋಡಿದರು ಎಂದು ವಿವರಿಸುವುದಿಲ್ಲ. ಹೆಚ್ಚಿನವರು ಒಪ್ಪಿದರು. ಒಪ್ಪದವನು ಶರಣಪ್ಪ. ಅವನು ಕೆಟ್ಟವನಲ್ಲ, ಅದೇ ಕಷ್ಟ. "ಒಬ್ಬರು ಮುಳುಗಾಕತ್ತಾರ, ನೀವು ದಂಡಿ ಮ್ಯಾಲ ನಿಂತು ನೋಡ್ರಿ ಅಂತೀರೇನ್ ಸರ? ನಮ್ಮ ಹಿರ್ಯಾರು ಹಂಗ ಕಲಿಸಿಲ್ರಿ" ಎಂದ. ನಮ್ಮ ಹಿರಿಯರೂ ಹಾಗೆ ಕಲಿಸಿರಲಿಲ್ಲ. ನೋಡೋಣ ಎಂದಷ್ಟೇ ಹೇಳಿ ಅವನು ಚಹಾ ತರಿಸಿದ.

ಈ ನಡುವೆ ನಾನು ಮೊಬೈಲಿನಲ್ಲಿ ಇಂಥ ಹಾಡುಗಳನ್ನು ಹುಡುಕಿ ಹುಡುಕಿ ಕೇಳತೊಡಗಿದ್ದೆ. ಮೊದಲು ಪ್ರಾಯಶ್ಚಿತ್ತಕ್ಕೆಂದು ಕೇಳಿದ್ದು ಕ್ರಮೇಣ ಚಟವಾಯಿತು. ಭಾಷೆ ತಿಳಿಯುವುದಿಲ್ಲ, ಧರ್ಮ ನನ್ನದಲ್ಲ, ಆದರೂ ಜೋಳ ಬೀಸುವಷ್ಟು ನಿಧಾನವಾಗಿ ಸರಿಯುವ ಈ ಹಾಡುಗಳು ಯಾಕೆ ಹಿಡಿದು ಕೂರಿಸುತ್ತವೆ ಎಂದು ಯೋಚಿಸಿದ್ದೇನೆ. ಹಳೆಯ ಕ್ರಿಸ್ಮಸ್ ಹಾಡುಗಳು ಹಬ್ಬ ಬಂದ ಮೇಲಿನವು. ಕೂಸು ಹುಟ್ಟಿಯಾಗಿದೆ, ಕುಣಿಯಿರಿ ಎನ್ನುತ್ತವೆ. ಈ ಹೊಸವು, ಮಾತಿನಲ್ಲಿ ಜೋಗುಳವೇ ಆಗಿದ್ದರೂ, ಧಾಟಿಯಲ್ಲಿ ಅದರ ಹಿಂದಿನ ಗಳಿಗೆಯವು. ಹೆರಿಗೆಕೋಣೆಯ ಹೊರಗೆ ಕುಳಿತವರಿಗೆ ಒಳಗಿನ ಸದ್ದು ನಿಂತು, ಕೂಸಿನ ಅಳು ಇನ್ನೂ ಕೇಳದಿರುವ ಆ ಗಳಿಗೆ ಇದೆಯಲ್ಲ, ನನ್ನ ಇಬ್ಬರು ಮಕ್ಕಳು ಹುಟ್ಟುವಾಗ ನಾನು ಅದರಲ್ಲಿ ಕುಳಿತವನು. ಏನು ಮಾಡಲೂ ಆಗುವುದಿಲ್ಲ, ಎದ್ದು ಹೋಗಲೂ ಆಗುವುದಿಲ್ಲ. ಈ ಗಾಯನ ಕೇಳುಗನನ್ನು ಅಲ್ಲಿಯೇ ಕೂರಿಸಿ, ಅಲ್ಲಿಯೇ ಇಡುತ್ತದೆ. ಉಳಿದ ಸಂಗೀತದಲ್ಲಿ ನಾವು ಹಾಡುವವನ ಜೊತೆ ತಲೆದೂಗಿ ಪಾಲುದಾರರಾಗುತ್ತೇವೆ. ಇದರಲ್ಲಿ ಕೈಕಟ್ಟಿ ಕಾಯುವುದೇ ನಮ್ಮ ಪಾಲು. ಮೂವತ್ತು ವರ್ಷ ಕಾಯದೆ ಉತ್ತರ ಹೇಳಿದವನಿಗೆ ಇದು ರುಚಿಸಿದ್ದು ವಿಚಿತ್ರವೇ.

ಈ ವರ್ಷವೂ ಕ್ರಿಸ್ಮಸ್ಸಿನ ಮುಂಚಿನ ಐತವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಹಾಡು. ಮೂರೂವರೆಗೆ ನಾನು ಮೊದಲ ಸಾಲಿನ ನಡುವೆ ಕುಳಿತಿದ್ದೆ. ಶರಣಪ್ಪ ಬೇಕೆಂದೇ ಇರಬೇಕು, ನನ್ನ ಬೆನ್ನಹಿಂದೆ ಬಂದು ಕುಳಿತ. ಹದಿಮೂರು ಜನ ಬಂದು ನಿಂತರು. ಹದಿನಾಲ್ಕನೆಯವನು, ತಳದ ದನಿಗೆ ಆಧಾರವಾದ ಹವಳಗಾದ ಸಕ್ಕರೆ ಕಾರ್ಖಾನೆಯ ಫಿಟ್ಟರ್, ಬಂದಿರಲಿಲ್ಲ. ಕಬ್ಬು ನುರಿಸುವ ಹಂಗಾಮು. ಯಂತ್ರ ನಿಂತಿತೆಂದರೆ ಅವನಿಗೆ ಬಿಡುಗಡೆಯಿಲ್ಲ. ಅವನು ಪಂಚಮಕ್ಕೆ ಬಂದು ನಿಲ್ಲದಿದ್ದರೆ ಸುಲೋಚನಾ ಅವರ ನಿಷಾದಕ್ಕೆ ಕೆಳಗೆ ನೆಲವೇ ಇಲ್ಲ, ಅದು ಕೊನೆಯವರೆಗೂ ತಪ್ಪಾಗಿಯೇ ಕೇಳಿಸುತ್ತದೆ. ಪಾಸ್ಟರ್ ಎರಡು ಸಲ ಗಡಿಯಾರ ನೋಡಿದರು. ನಾಲ್ಕು ಹೊಡೆದು ಹತ್ತು ನಿಮಿಷಕ್ಕೆ ಬಾಗಿಲಲ್ಲಿ ಮೋಟರ್ ಸೈಕಲ್ಲಿನ ಸದ್ದಾಯಿತು; ಕಾಕಂಬಿಯ ವಾಸನೆಯ ಸಮೇತ ಅವನು ಓಡಿಬಂದು, ತೋಳಿನಿಂದ ಮುಖ ಒರೆಸಿಕೊಂಡು ಸಾಲಿನಲ್ಲಿ ನಿಂತ. ಯೇಸುಮಿತ್ರ ಕೈ ಎತ್ತಿದ.

ಹಾಡು ಶುರುವಾಯಿತು. ಬಿಳಿ ಸೀರೆಯ ಸುಲೋಚನಾ ಎರಡನೆಯ ಸಾಲಿನ ಬಲಕ್ಕೆ ನಿಂತಿದ್ದರು. ಕತ್ತಿನ ಗಾಯದ ಗುರುತನ್ನು ಮುಚ್ಚಲು ಸೆರಗನ್ನು ಮೇಲೆಳೆದುಕೊಂಡಿದ್ದರು. ಅವರು ಕಣ್ಣು ಕೀಳದೆ ನನ್ನ ಬಾಯಿಯನ್ನು ನೋಡುತ್ತಿದ್ದರು. ನಾನು ತುಟಿ ಬಿಗಿದು, ಅದೂ ಸಾಲದೆಂದು ಹಲ್ಲು ಬಿಗಿದು ಕುಳಿತೆ. ತಾಯಿ ಕೂಸಿಗೆ ಒಂದೊಂದೇ ಮಾತು ಹೇಳುತ್ತ ಹೋದಳು, ದನಿಗಳು ಒಂದೊಂದೇ ಮೆಟ್ಟಿಲು ಏರಿದವು, ಆಮೇಲೆ ಆ 'ಜೋ' ಬಂತು.

ಷಡ್ಜ. ಅದರ ಪಕ್ಕೆಗೆ ಒತ್ತಿಕೊಂಡು, ಒಬ್ಬರೇ, ನಿಷಾದ.

ಹಿಂದೆ ಶರಣಪ್ಪ ಉಸಿರೆಳೆದುಕೊಂಡದ್ದು ಕೇಳಿಸಿತು. ಆ ಎದೆಗೂಡಿನ ವಿಸ್ತಾರ ನನಗೆ ಗೊತ್ತು. ತಿರುಗಿ ನೋಡುವಂತಿಲ್ಲ, ತಿರುಗಿದರೆ ಸುಲೋಚನಾ ಅವರಿಗೆ ನನ್ನ ಬಾಯಿ ಕಾಣುವುದಿಲ್ಲ. ಇಡೀ ಚರ್ಚಿನಲ್ಲಿ ಎಷ್ಟೋ ಗಂಟಲುಗಳು ಎಂಜಲು ನುಂಗಿದವು. ಒಂದು ಮಾತ್ರೆ, ಎರಡು ಮಾತ್ರೆ, ಮೂರು. ಆಗ ಯಾರೂ ಬರೆಯದ್ದು ನಡೆಯಿತು. ಅವರ ದನಿ ನಡುಗಿತು. ನಡುಗಿ, ಒರಟಾಗಿ, ತುಂಡಾಯಿತು. ನಿಷಾದ ನಿಂತುಹೋಗಿ ಬರೀ ಷಡ್ಜ ಉಳಿಯಿತು. ಈ ಸಲ ನಿಜವಾಗಿಯೂ ಬಿದ್ದಿತ್ತು, ಮತ್ತು ಬಿದ್ದದ್ದು ಕೇಳಿಸದಿರಲು ನಾನು ಕಿವುಡನಾಗಿರಬೇಕಿತ್ತು. ಹರೆಯದಿಂದ ಬಂದ ಅಭ್ಯಾಸ ಎದ್ದು ನಿಂತಿತು. ಎತ್ತು, ಎತ್ತು, ಈಗಲಾದರೂ ಎತ್ತು. ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದೆ. ಬಾಯಲ್ಲಿ ಉಪ್ಪುಪ್ಪಾಗಿ ರಕ್ತ ಬಂತು.

ಅರೆಗಳಿಗೆ ಇರಬೇಕು. ಆಮೇಲೆ ಅದೇ ನಿಷಾದ, ಮೊದಲಿಗಿಂತ ತೆಳ್ಳಗೆ, ಆದರೆ ಅದೇ ಜಾಗದಲ್ಲಿ, ತಾನೇ ಎದ್ದು ನಿಂತಿತು. ಮೇಲಿನ ದನಿಗಳು ಮೆಲ್ಲಗೆ ಸರಿದವು. ಫಿಟ್ಟರ್‌ನ ತಳದ ದನಿ ಪಂಚಮಕ್ಕೆ ಬಂದು ನೆಲ ಹಾಕಿತು. ಎಲ್ಲರೂ ಅವರಿದ್ದಲ್ಲಿಗೆ ಬಂದರು. ಹಾಡು ಮುಂದೆ ಹೋಗಿ ಮುಗಿಯಿತು, ಅದರಲ್ಲಿ ಏನಿತ್ತೋ ನನಗೆ ಕೇಳಿಸಲಿಲ್ಲ. ಹಿಂದಿನಿಂದ ಶರಣಪ್ಪನ ಎದೆಯಲ್ಲಿ ಸಿಕ್ಕಿಕೊಂಡಿದ್ದ ಉಸಿರು ಹೊರಬಿದ್ದು ನನ್ನ ಕತ್ತಿಗೆ ಬೆಚ್ಚಗೆ ತಾಗಿತು. ಅವನು ಅಳುತ್ತಿದ್ದ.

ಅಂಗಳದಲ್ಲಿ ಚಹಾದ ಗಲಾಟೆಯ ನಡುವೆ ಸುಲೋಚನಾ ನನ್ನ ಹತ್ತಿರ ಬಂದರು. ನಾಲಿಗೆ ಊದಿಕೊಂಡ ನನಗೆ ಬಿಸಿ ಚಹಾ ಮುಟ್ಟಲೂ ಆಗುತ್ತಿರಲಿಲ್ಲ.

"ನಡುವ ಒಮ್ಮೆ ಖರೇನ ಬಿದ್ದಿತ್ರಿ ಸರ್" ಎಂದರು.

"ಕೇಳಿಸ್ತು" ಎಂದೆ.

"ಆಗ ನಿಮ್ಮ ಬಾಯಿ ನೋಡಿದೆ. ಮುಚ್ಚೇ ಇತ್ತು. ನಾ ಏಳ್ತೇನಿ ಅಂತ ಇವರಿಗೆ ನಂಬಿಗಿ ಅದ ಅಂತ ಗೊತ್ತಾತು. ಅದಕ್ಕ ಎದ್ದೆ."

ಇದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಆ ಅರೆಗಳಿಗೆಯಲ್ಲಿ ನನಗೆ ನಂಬಿಕೆ ಎಳ್ಳಷ್ಟೂ ಇರಲಿಲ್ಲ. ಆಕೆ ಮುಗಿದರು ಎಂದೇ ತಿಳಿದಿದ್ದೆ. ಕೊಟ್ಟ ಮಾತು ಬಾಯಿ ಹಿಡಿದಿತ್ತು, ಅಷ್ಟೇ. ಇದನ್ನೂ ಒಪ್ಪಿಕೊಂಡುಬಿಡೋಣವೆಂದು ಬಾಯಿ ತೆರೆದೆ. ಆದರೆ ಸುಲೋಚನಾ ತಾವು ಹೇಳಿದ ಮಾತಿನ ಮೇಲೆಯೇ ನಿಂತು, ಅದು ಸರಿಯೆಂದು ತಿಳಿದವರಂತೆ, ಅಲ್ಲಾಡದೆ ನನ್ನನ್ನು ನೋಡುತ್ತಿದ್ದರು. ಈ ಸಲ ನಾನೇ ಇದ್ದ ಜಾಗ ಬಿಟ್ಟು ಅವರಿದ್ದಲ್ಲಿಗೆ ಹೋಗಬೇಕಾಗಿತ್ತು.

"ಹೌದವ್ವಾ, ನಂಬಿಗಿ ಅದ" ಎಂದೆ. ಹೇಳುವಾಗ ಅದು ನಿಜವಾಯಿತು.